ಅಜ್ಜನ ಕಾಲದ ಡಬಲ್ ಬ್ಯಾರಲ್ ಕೋವಿ ರಿಪೇರಿ: ಮರದ ಕೆಲಸ ಮನೇಲಿ, ಕಬ್ಬಿಣದ ಕೆಲಸ ಮೇಸ್ತ್ರಿ ಹತ್ರ

ನಮ್ಮ ಮನೆ ಕೋವಿಗೆ ಮೂರು ಕಾಯಿಲೆ ಒಟ್ಟಿಗೆ ಸೇರ್ಕೊಂಡಿತ್ತು. ಒಂದು, ತೋಟಾ ಹಾಕಿ ಮುಚ್ಚಿದ್ರೆ ಪೂರ್ತಿ ಮುಚ್ಕೊಳ್ತಿರ್ಲಿಲ್ಲ, ಮೇಲಿರೋ ಲಿವರ್ ಬಲಗಡೆನೇ ನಿಂತ್ಬಿಡ್ತಿತ್ತು, ಹೆಬ್ಬೆರಳಲ್ಲಿ ತಳ್ಳಿ ಮಧ್ಯಕ್ಕೆ ತರ್ಬೇಕಿತ್ತು. ಎರಡು, ಎಡಗಡೆ ನಳಿಗೆ ಯಾವಾಗ ಬೇಕಾದ್ರೂ ಕೈ ಕೊಡ್ತಿತ್ತು, ಟ್ರಿಗರ್ ಎಳೆದ್ರೆ ಟಿಕ್ ಅಂತ ಸದ್ದು ಬರ್ತಿತ್ತು ಅಷ್ಟೇ, ಈಡು ಹಾರ್ತಿರ್ಲಿಲ್ಲ. ಮೂರನೇದು ನೋಡೋಕೆ ಚಿಕ್ಕದು, ಆದ್ರೆ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಅದೇ: ಕಬ್ಬಿಣ ಮುಗ್ದು ಮರ ಶುರುವಾಗೋ ಕಡೆ, ಕೈ ಹಿಡಿಯೋ ಸಣ್ಣ ಭಾಗದಲ್ಲಿ ಒಂದು ಬಿರುಕು, ಉಗುರು ಹಾಕಿದ್ರೆ ಸಿಕ್ಕಾಕೊಳ್ಳೋವಷ್ಟು, ಮರ ಸ್ವಲ್ಪ ತಿರುಚಿ ಹಿಡಿದ್ರೆ ಬಾಯಿ ಬಿಡ್ತಿತ್ತು.

ಕೊಡಗಿನ ಹೊರಗಿನವರಿಗೆ ಇದು ಗೋಡೆ ಮೇಲೆ ತೂಗಾಕೋ ಹಳೇ ಸಾಮಾನು ಅನ್ಸಬಹುದು. ನಮ್ಮಲ್ಲಿ ಹಾಗಲ್ಲ. ಮನೇಲಿ ಗಂಡು ಮಗು ಹುಟ್ಟಿದ್ರೆ ಒಂದು ಈಡು, ಸಾವಾದ್ರೆ ಎರಡು ಈಡು, ಸುಗ್ಗಿ ಹಬ್ಬ ಪುತ್ತರಿಗೆ ಗದ್ದೇಲಿ ಕದಿರು ತೆಗೆಯೋವಾಗ ಈಡು, ಸೆಪ್ಟೆಂಬರ್ 3ಕ್ಕೆ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡಿ ನಳಿಗೆ ಬಾಯಿಗೆ ತೋಕ್ ಪೂ ಅನ್ನೋ ಹೂ ಇಟ್ಟು ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯೋದು. ಬೇಟೆ ಅಂತೂ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಮುಗಿದ ಮಾತು, ಅದು ಮುಗಿದಿದ್ದು ಒಳ್ಳೇದೇ ಆಯ್ತು. ಆದ್ರೆ ಮನೆ ಹಿರಿಯರು ತೀರಿಕೊಂಡ ದಿನ ಅಂಗಳದಲ್ಲಿ ಊರವರೆಲ್ಲ ನಿಂತಿರ್ತಾರೆ, ಮೊದಲನೇ ಈಡು ಹಾರಿ ಎರಡನೇದು ಬರೀ ಟಿಕ್ ಅಂದ್ರೆ ಆ ಸಂಕಟ ಹೇಳೋಕಾಗಲ್ಲ, ಅದಕ್ಕೇ ಈ ಕೆಲಸ ಕೈಗೆತ್ಕೊಂಡಿದ್ದು.

ಕೋವಿ ಬಗ್ಗೆ ಸ್ವಲ್ಪ. 12 ಬೋರ್, ತೋಟಾ ಹೊಡೆಯೋ ಯಂತ್ರ (ಲಾಕ್), ಹ್ಯಾಮರ್ ಎರಡೂ ಹೊರಗೆ ಕಾಣದ ಬಾಕ್ಸ್‌ಲಾಕ್, ಅಂದ್ರೆ 1875ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆನ್ಸನ್ ಮತ್ತೆ ಡೀಲಿ ಅನ್ನೋ ಇಬ್ಬರು ಮಾಡಿದ ಡಿಸೈನ್. ನಳಿಗೆ ಬಗ್ಗಿಸಿದಾಗ ಅದರ ತೂಕದಿಂದಲೇ ಒಳಗಿನ ಹ್ಯಾಮರ್ ಎರಡೂ ಎದ್ದು ಕೂರುತ್ತವೆ. ಭಾಗಗಳು ಕಮ್ಮಿ, ಗಟ್ಟಿ, ಪ್ರಪಂಚದ ಹೆಚ್ಚಿನ ಹಳೇ ಡಬಲ್ ಬ್ಯಾರಲ್‌ಗಳು ಇದೇ ದಾರಿಯವು. ನಳಿಗೆಗಳ ಮಧ್ಯದ ಪಟ್ಟಿ ಮೇಲೆ ಮದ್ರಾಸಿನ ಒಂದು ಅಂಗಡಿ ಹೆಸರು ಅರ್ಧ ಸವೆದು ಹೋಗಿದೆ, ಆದ್ರೆ ಮಾಡಿದ್ದು ಎಲ್ಲಿ ಅನ್ನೋದು ನಳಿಗೆ ಬಿಚ್ಚಿ ತಳ ನೋಡಿದ್ರೆ ಗೊತ್ತಾಗುತ್ತೆ. ಅಲ್ಲಿ ಕಿರೀಟದ ಕೆಳಗೆ ಬಿಪಿ, ಕಿರೀಟದ ಕೆಳಗೆ ಬಿವಿ, ಕಿರೀಟದ ಕೆಳಗೆ ಎನ್‌ಪಿ, ಆಮೇಲೆ ವಜ್ರಾಕಾರದೊಳಗೆ 12 ಮತ್ತೆ ಸಿ, ಪಕ್ಕದಲ್ಲಿ 2½ ಅಂತ ಒತ್ತಿದ್ದಾರೆ. ಇದು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ ಅಂದ್ರೆ ಕೋವಿ ನಳಿಗೆ ಪರೀಕ್ಷೆ ಮಾಡೋ ಸಂಸ್ಥೆಯ ಗುರುತು, 1954ರ ನಂತರ ಈ ಗುರುತುಗಳು ಬದಲಾಗಿ ಬಿಎನ್‌ಪಿ ಅಂತ ಬಂತು, ಹಾಗಾಗಿ ನಮ್ಮದು ಅದಕ್ಕಿಂತ ಹಳೇದು. ಎನ್‌ಪಿ ಇರೋದು ದೊಡ್ಡ ಸಮಾಧಾನ, ಕರಿ ಮದ್ದಿಗೆ ಅಷ್ಟೇ ಅಲ್ಲ ಈಗಿನ ನೈಟ್ರೋ ಮದ್ದಿಗೂ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಆ 2½ ಅನ್ನೋದರ ಕಥೆ ಮುಂದೆ ಹೇಳ್ತೀನಿ, ಅದನ್ನ ದಯವಿಟ್ಟು ಬಿಡದೆ ಓದಿ.

ಕೆಲಸಕ್ಕೆ ಮುಂಚೆ ಕಾನೂನಿನ ಮಾತು, ಯಾಕಂದ್ರೆ ನಮ್ಮವರಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಿಂದ ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಳ್ಳೋ ವಿನಾಯಿತಿ ಇದೆ, ಈಗ ಕೇಂದ್ರ ಸರ್ಕಾರ ಕೊಡವ ಜನಾಂಗದವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರ ತನಕ ಅದನ್ನ ಮುಂದುವರಿಸಿದೆ. ಆ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಒಯ್ಯೋಕೆ. ರಿಪೇರಿ ಮಾಡೋಕಲ್ಲ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸೋದು, ಮಾರೋದು, ರಿಪೇರಿ ಮಾಡೋದು, ಪರೀಕ್ಷೆ ಮಾಡೋದು ಇದಕ್ಕೆಲ್ಲ ಬೇರೆ ಲೈಸೆನ್ಸ್ ಬೇಕು. ಹಾಗಾಗಿ ನಾನು ಮೊದಲೇ ಗೆರೆ ಎಳ್ಕೊಂಡೆ: ಶುಚಿ ಮಾಡೋದು, ತಪ್ಪು ಎಲ್ಲಿದೆ ಅಂತ ಹುಡುಕೋದು, ಮರದ ಕೆಲಸ ನಂದು, ಲಾಕ್ ಒಳಗಿನದ್ದು ನಳಿಗೆದ್ದು ಎಲ್ಲ ಲೈಸೆನ್ಸ್ ಇರೋ ಮೇಸ್ತ್ರಿದು. ಕಾನೂನು ಬಿಟ್ಹಾಕಿದ್ರೂ ನಾನು ಹೀಗೇ ಮಾಡ್ತಿದ್ದೆ, ಮುಖದಿಂದ ಒಂದು ಗೇಣು ದೂರದಲ್ಲಿ ಸ್ಫೋಟ ಆಗೋ ವಸ್ತು ಅದು.

ಏನೇ ಮಾಡೋಕೆ ಮುಂಚೆ ಲಿವರ್ ತಳ್ಳಿ, ನಳಿಗೆ ಬಗ್ಗಿಸಿ, ಎರಡರೊಳಗೂ ಬೆಳಕಿಗೆ ಹಿಡಿದು ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ. ತೋಟಾ ಪೆಟ್ಟಿಗೆ ಆ ರೂಮಲ್ಲೇ ಇರಬಾರದು. ಅಪ್ಪ ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು ಇದು, ಇವತ್ತಿಗೂ ಖಾಲಿ ಅಂತ ಗೊತ್ತಿರೋ ಕೋವೀನೂ ಇನ್ನೊಬ್ರ ಕೈಗೆ ಕೊಡೋವಾಗ ಬಗ್ಗಿಸೇ ಕೊಡೋದು.

ಮೊದಲನೇ ಕಾಯಿಲೆ ಸುಲಭವಾಗಿ ಬಗೆಹರೀತು. ಮುಂದಿನ ಮರ ಅಂದ್ರೆ ಫೋರ್‌ಎಂಡ್ ತೆಗೆದು ನಳಿಗೆ ಕಳಚಿ ಟೇಬಲ್ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಇಟ್ಟೆ. ನಳಿಗೆ ಹಿಂಭಾಗದಲ್ಲಿ ತೋಟಾನ ಹೊರಗೆ ತಳ್ಳೋ ಎಕ್ಸ್‌ಟ್ರ್ಯಾಕ್ಟರ್ ಇರುತ್ತಲ್ಲ, ಅದನ್ನ ಹೊರಗೆ ಎಳೆದು ಅದರ ಅಡಿ ನೋಡಿದ್ರೆ ಕಪ್ಪು ಅಂಟು ಒಂದು ಪದರ ಕೂತಿತ್ತು, ವರ್ಷಗಟ್ಟಲೆ ಹಾಕಿದ ಎಣ್ಣೆ, ಮದ್ದಿನ ಮಸಿ, ಧೂಳು ಎಲ್ಲ ಸೇರಿ ಅಂಟಾಗಿ ಗಟ್ಟಿಯಾಗಿ ಹೋಗಿತ್ತು. ಅದರಿಂದ ಎಕ್ಸ್‌ಟ್ರ್ಯಾಕ್ಟರ್ ತನ್ನ ಜಾಗದಲ್ಲಿ ಪೂರ್ತಿ ಕೂರ್ತಿರ್ಲಿಲ್ಲ, ಕೂದಲೆಳೆಯಷ್ಟು ಹೊರಗೆ ನಿಲ್ತಿತ್ತು, ಅಷ್ಟಕ್ಕೇ ಕೋವಿ ಮುಚ್ಚಲ್ಲ. ಸೀಮೆಎಣ್ಣೆ, ಹಳೇ ಟೂತ್ ಬ್ರಶ್, ಮೂಲೆಗಳಿಗೆ ಬಿದಿರು ಕಡ್ಡಿ ಚೂಪು ಮಾಡ್ಕೊಂಡು ಕೆರೆದೆ. ಕಬ್ಬಿಣದ ಮೊಳೆ ಸ್ಕ್ರೂಡ್ರೈವರ್ ತುದಿ ಉಪಯೋಗಿಸಬೇಡಿ, ಆ ಜಾಗ ಎಲ್ಲ ಕೈಯಲ್ಲಿ ಅರ ಹಾಕಿ ಕೂರಿಸಿರೋದು, ಒಂದು ಗೀರು ಬಿದ್ರೆ ಅಲ್ಲಿಂದಲೇ ತುಕ್ಕು ಶುರು. ನಳಿಗೆ ಕೆಳಗಿರೋ ಕೊಕ್ಕೆಗಳಲ್ಲಿ ಬೋಲ್ಟ್ ಕಚ್ಚೋ ಕಚ್ಚುಗಳಲ್ಲೂ ಇದೇ ಅಂಟು ಇತ್ತು. ಎಲ್ಲ ತೆಗೆದು ಒಣ ಬಟ್ಟೇಲಿ ಒರೆಸಿ ಒಂದು ತೊಟ್ಟು ಎಣ್ಣೆ ಬೆರಳಲ್ಲಿ ಸವರಿ ಜೋಡಿಸಿದ್ರೆ ಲಿವರ್ ಟಕ್ ಅಂತ ತಾನಾಗೇ ಮಧ್ಯಕ್ಕೆ ಬಂತು.

ಲಿವರ್ ಎಲ್ಲಿ ನಿಲ್ಲುತ್ತೆ ಅನ್ನೋದು ಕೋವಿ ವಯಸ್ಸಿನ ಲೆಕ್ಕ. ಹೊಸ ಕೋವೀಲಿ ಮುಚ್ಚಿದಾಗ ಲಿವರ್ ಮಧ್ಯದಿಂದ ಸ್ವಲ್ಪ ಬಲಕ್ಕಿರುತ್ತೆ, ಬೋಲ್ಟು ಸವೀತಾ ಸವೀತಾ ಮಧ್ಯಕ್ಕೆ ಬರುತ್ತೆ, ಆಮೇಲೆ ಎಡಕ್ಕೆ ಹೋಗುತ್ತೆ. ಎಡಕ್ಕೆ ಹೋಗಿದ್ರೆ ಮೇಸ್ತ್ರಿಗೆ ತೋರಿಸದೆ ಈಡು ಹೊಡೆಯೋದು ಬೇಡ. ಇದರ ಜೊತೆಗೆ ಇನ್ನೊಂದು ಪರೀಕ್ಷೆ ಮಾಡಿದೆ: ಫೋರ್‌ಎಂಡ್ ತೆಗೆದು ನಳಿಗೆ ಮುಚ್ಚಿ, ಮರದ ಬುಡ ಕಂಕುಳಲ್ಲಿ ಇಟ್ಕೊಂಡು ನಳಿಗೆ ಅಲ್ಲಾಡಿಸಿ ನೋಡೋದು, ಆಮೇಲೆ ನಳಿಗೆ ಹಿಂಬದಿಗೂ, ಅದು ಬಂದು ಕೂರೋ ಕಬ್ಬಿಣದ ಗೂಡು ಅಂದ್ರೆ ಆಕ್ಷನ್ ಮುಖಕ್ಕೂ ನಡುವೆ ಟ್ಯೂಬ್‌ಲೈಟ್ ಬೆಳಕು ಕಾಣುತ್ತಾ ಅಂತ ನೋಡೋದು. ಫೋರ್‌ಎಂಡ್ ಹಾಕಿಟ್ಟೇ ಅಲ್ಲಾಡಿಸಿದ್ರೆ ಏನೂ ಗೊತ್ತಾಗಲ್ಲ, ಅದರ ಸ್ಪ್ರಿಂಗ್ ಸಡಿಲವನ್ನ ಮುಚ್ಚಿಹಾಕುತ್ತೆ. ನಮ್ಮದರಲ್ಲಿ ಬೆಳಕು ಕಾಣ್ಲಿಲ್ಲ. ಕೆಲವು ಹಳೇ ಕೋವಿಗಳಲ್ಲಿ ಯಾರೋ ಕೊಕ್ಕೆ ಮಧ್ಯ ಹಿತ್ತಾಳೆ ತಗಡು ಇಟ್ಟು ಬೆಸುಗೆ ಹಾಕಿರ್ತಾರೆ, ಅಥವಾ ಸುತ್ತಿಗೇಲಿ ಬಡಿದು ಅಗಲ ಮಾಡಿರ್ತಾರೆ. ಕೊಳ್ಳೋರ ಕಣ್ಣಿಗೆ ಬಿಗಿ ಅನ್ಸುತ್ತೆ, ನಾಲ್ಕು ಈಡಿಗೆ ಮತ್ತೆ ಸಡಿಲ.

ಎರಡನೇದು, ಎಡಗಡೆ ಮಿಸ್ ಆಗೋದು. ಮುಂದಿನ ಟ್ರಿಗರ್ ಬಲ ನಳಿಗೆಗೆ, ಹಿಂದಿನದು ಎಡಕ್ಕೆ, ಇದು ಎಲ್ಲ ಡಬಲ್ ಟ್ರಿಗರ್ ಕೋವೀಲೂ ಹೆಚ್ಚು ಕಮ್ಮಿ ಹೀಗೇ. ಹಾರದೇ ಇದ್ದ ತೋಟಾ ಒಂದನ್ನ ದೊಡ್ಡಪ್ಪ ಎತ್ತಿಟ್ಟಿದ್ರು, ಅದರ ಹಿಂಭಾಗದ ಕ್ಯಾಪ್ ನೋಡಿದ್ರೆ ಪಿನ್ ಹೊಡೆದ ಗುರುತು ಇತ್ತು, ಆದ್ರೆ ಬಲ ನಳಿಗೇಲಿ ಹಾರಿದ ಖಾಲಿ ತೋಟಾ ಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ಕಣ್ಣಿಗೆ ಹೊಡೀತು. ಬಲಗಡೇದು ಆಳಕ್ಕೆ ಗುಂಡಗೆ ಇಳಿದಿತ್ತು, ಎಡಗಡೇದು ಬೆಂಕಿಕಡ್ಡಿ ತುದಿ ಒತ್ತಿದ ಹಾಗೆ ಮೇಲ್ಮೇಲೆ, ಅದೂ ಒಂದು ಬದಿಗೆ ವಾಲಿಕೊಂಡು. ಅಂದ್ರೆ ತೋಟಾ ಕೆಟ್ಟಿಲ್ಲ, ಹ್ಯಾಮರ್ ಜೋರಾಗಿ ಬೀಳ್ತಿಲ್ಲ ಅಥವಾ ಪಿನ್ ತುದಿ ಸವೆದಿದೆ. ಮಳೇಲಿ ತಂಡಿ ಹಿಡಿದ ತೋಟಾ ಅಂತ ಎಲ್ಲರೂ ತೋಟಾನೇ ಬೈತಾರೆ, ಕ್ಯಾಪ್ ಮೇಲಿನ ಗುರುತು ನೋಡಿದ್ರೆ ಯಾರದ್ದು ತಪ್ಪು ಅನ್ನೋದು ಅಲ್ಲೇ ಬರೆದಿರುತ್ತೆ, ಹಾಗಾಗಿ ಹಾರದ ತೋಟಾನ ಕೂಡ್ಲೇ ಬಿಸಾಕಬೇಡಿ. ಹಾಗಂತ ಟಿಕ್ ಅಂದ ತಕ್ಷಣ ಕೋವಿ ಬಗ್ಗಿಸೋಕೂ ಹೋಗಬೇಡಿ, ಕೆಲವೊಮ್ಮೆ ಮದ್ದು ತಡವಾಗಿ ಹಿಡಿಯುತ್ತೆ, ನಳಿಗೆ ಸುರಕ್ಷಿತ ಕಡೆ ತೋರಿಸ್ಕೊಂಡು ಕನಿಷ್ಠ ಒಂದು ನಿಮಿಷ ಕಾಯಲೇಬೇಕು.

ಅಲ್ಲಿಗೆ ನನ್ನ ಪತ್ತೆದಾರಿ ನಿಲ್ಲಿಸಿದೆ. ವಿನಾಯಿತಿ ಪತ್ರ ಜೊತೇಲಿ ಇಟ್ಕೊಂಡು, ಕೋವಿ ಕಳಚಿ ಕೇಸಲ್ಲಿ ಹಾಕಿ, ತೋಟಾ ಇಲ್ಲದೆ, ಮೈಸೂರಿಗೆ ಒಯ್ದೆ. ಮೇಸ್ತ್ರಿ ವಯಸ್ಸಾದವರು, ಮಾತು ಕಮ್ಮಿ. ಕೋವಿ ಕೈಗೆ ತಗೊಂಡವರು ನಳಿಗೆ ನೋಡ್ಲಿಲ್ಲ, ಲಾಕ್ ನೋಡ್ಲಿಲ್ಲ, ಮೊದಲು ಮರಕ್ಕೆ ಹೆಬ್ಬೆರಳ ಉಗುರು ಒತ್ತಿದ್ರು. ಕಬ್ಬಿಣ ಸೇರೋ ಕಡೆ ಉಗುರಿನ ಗುರುತು ಹಾಗೇ ಉಳೀತು.

"ಎಣ್ಣೆ ಯಾರ್ ಹಾಕ್ತಾರೆ ಇದಕ್ಕೆ?" ಅಂದ್ರು.

"ಮನೇಲಿ ಎಲ್ಲರೂ ಹಾಕ್ತೀವಿ ಸಾರ್, ಪ್ರತಿ ಕೈಲ್‌ಪೊಳ್ದ್‌ಗೆ."

"ಕೋವಿ ಹೇಗೆ ನಿಲ್ಲಿಸ್ತೀರಿ, ಬಾಯಿ ಮೇಲಕ್ಕೋ ಕೆಳಕ್ಕೋ?"

"ಮೇಲಕ್ಕೆ."

"ಹಾಗಾದ್ರೆ ನಳಿಗೆಗೆ ಹಾಕಿದ ಎಣ್ಣೆ ಎಲ್ಲ ಮರ ಕುಡಿದಿದೆ ಬಿಡಿ."

ಬಿರುಕು ಯಾಕೆ ಬಂತು ಅನ್ನೋದನ್ನ ಅವರು ವಿವರಿಸಿದ್ದು ನನಗೆ ಈ ಇಡೀ ಕೆಲಸದಲ್ಲಿ ಸಿಕ್ಕ ದೊಡ್ಡ ಪಾಠ. ಈಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯೋ ಶಕ್ತಿ ಎಲ್ಲ ಆಕ್ಷನ್ ಹಿಂಬದಿಯಿಂದ ಮರದ ತಲೆಗೆ ಬೀಳುತ್ತೆ. ತಲೆ ಭಾಗ ಗಟ್ಟಿ ಇದ್ದು ಅಗಲವಾಗಿ ಕೂತಿದ್ರೆ ಏನೂ ಆಗಲ್ಲ. ಎಣ್ಣೆ ಕುಡಿದು ಮೆತ್ತಗಾದ ಮರ ಈಡಿಗೆ ಈಡಿಗೆ ಒಳಕ್ಕೆ ಅಮುಕಿ ಹೋಗುತ್ತೆ, ಆಗ ಆ ಭಾರ ಮೇಲಿನ ಕಬ್ಬಿಣದ ನಾಲಿಗೆ ಇದೆಯಲ್ಲ, ಸೇಫ್ಟಿ ಬಟನ್ ಕೂರೋ ಪಟ್ಟಿ, ಅದರ ತುದಿಗೆ ಹೋಗುತ್ತೆ. ಆ ತುದಿ ಮರಕ್ಕೆ ತಾಗಿ ಬೆಣೆ ಹೊಡೆದ ಹಾಗೆ ಸೀಳುತ್ತೆ. ಅಂದ್ರೆ ನಾವು ಭಕ್ತಿಯಿಂದ ವರ್ಷ ವರ್ಷ ಹಾಕಿದ ಎಣ್ಣೇನೇ ಮರ ಸೀಳಿದ್ದು, ಎಡಗಡೆ ಲಾಕ್ ಒಳಗೆ ಅಂಟಾಗಿ ಹ್ಯಾಮರ್ ಹಿಡಿದಿದ್ದು, ಎಕ್ಸ್‌ಟ್ರ್ಯಾಕ್ಟರ್ ಅಡಿ ಕೂತಿದ್ದು. ಮೂರು ಕಾಯಿಲೆಗೂ ಬೇರು ಒಂದೇ.

ಮರ ಬಿಚ್ಚಿದ್ದು ಅವರೇ. ಹಳೇ ಇಂಗ್ಲಿಷ್ ಕೋವಿ ಸ್ಕ್ರೂಗಳ ತಲೆ ಮೇಲಿನ ಸೀಳು ತುಂಬ ಸಣ್ಣದು, ಪೇಪರ್ ದಪ್ಪ, ಅಂಗಡೀಲಿ ಸಿಗೋ ಯಾವ ಸ್ಕ್ರೂಡ್ರೈವರೂ ಅದರಲ್ಲಿ ಇಳಿಯಲ್ಲ, ಪ್ರತಿ ಸ್ಕ್ರೂಗೂ ಸ್ಕ್ರೂಡ್ರೈವರ್ ತುದಿ ಉಜ್ಜಿ ಅಳತೆಗೆ ತರ್ತಾರೆ. ಎಲ್ಲ ಸ್ಕ್ರೂಗಳ ಸೀಳೂ ನಳಿಗೆ ಉದ್ದಕ್ಕೇ ನಿಲ್ಲೋ ಹಾಗೆ ಮಾಡುವಾಗಲೇ ಕೂರಿಸಿರ್ತಾರೆ, ಅದಕ್ಕೇ ಯಾವ ಸ್ಕ್ರೂ ಯಾವ ತೂತಿಗೆ ಅಂತ ಅವರು ರಟ್ಟಿನ ಮೇಲೆ ಚಿತ್ರ ಬರೆದು ಚುಚ್ಚಿಟ್ರು. ಸ್ಕ್ರೂ ತಲೆ ಹರಿದು ಹೋಗಿರೋ ಹಳೇ ಕೋವಿ ಕಂಡ್ರೆ ತಿಳ್ಕೊಳ್ಳಿ, ಒಳಗೆ ಯಾರೋ ಅವಸರದಲ್ಲಿ ಕೈ ಹಾಕಿದ್ದಾರೆ. ಕೋವಿ ಕಬ್ಬಿಣದ ಭಾಗ ಎಲ್ಲ ರಿಜಿಸ್ಟರಲ್ಲಿ ಬರ್ಕೊಂಡು ರಸೀದಿ ಕೊಟ್ಟು ಅಂಗಡೀಲೇ ಇಟ್ಕೊಂಡ್ರು, ಮರದ ಎರಡು ತುಂಡು ಮಾತ್ರ ನಾನು ಮನೆಗೆ ತಂದೆ. ಬೀಟೇಲಿ ಹೊಸ ಸ್ಟಾಕ್ ಅಂದ್ರೆ ಹಿಂದಿನ ಮರ ಮಾಡಿಸ್ಬಹುದಿತ್ತು, ಕೊಡಗಲ್ಲಿ ಬೀಟೆ ಸ್ಟಾಕ್ ಇರೋ ಕೋವಿಗಳು ಬೇಕಾದಷ್ಟಿವೆ, ಚೆಂದವೂ ಇರುತ್ತೆ. ಆದ್ರೆ ಈ ವಾಲ್ನಟ್ ಮರದ ಕೆನ್ನೆ ತಾಗೋ ಜಾಗದಲ್ಲಿ ಅಜ್ಜನ ಕೆನ್ನೆ, ಅಪ್ಪನ ಕೆನ್ನೆ ತಾಗಿ ನುಣುಪಾಗಿದೆ, ಅದನ್ನ ಮೂಲೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ.

ಮರದ ಕೆಲಸ ಶುರು ಮಾಡಿದ್ದು ಬೇಸಿಗೇಲಿ, ಕಾಫಿ ಕೆಲಸ ಮುಗಿದು ಮಳೆ ಹಿಡಿಯೋಕೆ ಮುಂಚೆ. ಇದು ಮುಖ್ಯ. ಕೊಡಗಿನ ಮಳೆಗಾಲದಲ್ಲಿ ಮರಾನೂ ಒಣಗಲ್ಲ, ಎಣ್ಣೇನೂ ಒಣಗಲ್ಲ, ಅಂಟೂ ಹಿಡಿಯಲ್ಲ.

ಮೊದಲು ಎಣ್ಣೆ ಹೊರಗೆ ತೆಗೀಬೇಕು, ಇಲ್ಲದಿದ್ರೆ ಯಾವ ಅಂಟೂ ನಿಲ್ಲಲ್ಲ. ಪೇಂಟ್ ಅಂಗಡೀಲಿ ಪುಟ್ಟಿ ಮಾಡೋಕೆ ಸಿಗೋ ಚಾಕ್ ಪೌಡರ್, ಅದಕ್ಕೆ ಅಸಿಟೋನ್ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಕಪ್ಪಾದ ತಲೆ ಭಾಗಕ್ಕೆ ದಪ್ಪಗೆ ಮೆತ್ತೋದು. ಅಸಿಟೋನ್ ಒಳಗಿನ ಎಣ್ಣೆ ಕರಗಿಸುತ್ತೆ, ಅದು ಆರ್ತಾ ಪುಡಿ ಆ ಎಣ್ಣೇನ ಹೀರ್ಕೊಳ್ಳುತ್ತೆ. ಬಿಳಿ ಪುಡಿ ಒಣಗಿದಾಗ ಜೇನಿನ ಬಣ್ಣಕ್ಕೆ ತಿರುಗಿರುತ್ತೆ, ಬ್ರಶ್‌ನಲ್ಲಿ ಉದುರಿಸಿ ಮತ್ತೆ ಮೆತ್ತೋದು, ಪುಡಿ ಬಿಳಿಯಾಗೇ ಉಳಿಯೋ ತನಕ. ತಾಳ್ಮೆ ಬೇಕು, ಮೇಲಿನದು ಹೋಯ್ತು ಅಂದ್ಕೊಳ್ಳೋ ಹೊತ್ತಿಗೆ ಒಳಗಿಂದ ಮತ್ತೆ ಬರುತ್ತೆ, ಮಧ್ಯದಲ್ಲಿ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿದ್ರೆ ಮರ ಬೆವರಿದ ಹಾಗೆ ಎಣ್ಣೆ ಹನಿ ಹನಿ ಮೇಲೆ ಬರೋದು ಕಾಣುತ್ತೆ, ಅದನ್ನ ಒರೆಸಿ ಒರೆಸಿ ತೆಗೀಬೇಕು. ಅಸಿಟೋನ್ ಹಸಿ ಇರುವಾಗ ಡ್ರೈಯರ್ ಹತ್ರ ತರಲೇಬೇಡಿ, ಬೆಂಕಿ ಹತ್ಕೊಳ್ಳುತ್ತೆ, ಕೆಲಸ ಎಲ್ಲ ಅಂಗಳದಲ್ಲೇ ಮಾಡಿ. ಇನ್ನೊಂದು, ಚಾಕ್ ಪೌಡರ್ ಬದಲು ಎಲೆ ಅಡಿಕೆಗೆ ಹಾಕೋ ಸುಣ್ಣ ಹಚ್ಚಬಹುದಾ ಅಂತ ಪಕ್ಕದ ಮನೆಯವರು ಕೇಳಿದ್ರು. ಬೇಡವೇ ಬೇಡ, ಸುಣ್ಣದ ಖಾರಕ್ಕೆ ವಾಲ್ನಟ್ ಕಪ್ಪು ತಿರುಗುತ್ತೆ, ಆ ಕಲೆ ಹೋಗಲ್ಲ.

ಎಣ್ಣೆ ಹೋದ್ಮೇಲೆ ಬಿರುಕಿನ ನಿಜವಾದ ಉದ್ದ ಕಂಡಿತು, ಅಂದ್ಕೊಂಡಿದ್ದಕ್ಕಿಂತ ಒಂದು ಬೆರಳು ಜಾಸ್ತಿ ಹೋಗಿತ್ತು, ನಾಲಿಗೆ ತುದಿಯಿಂದ ಶುರುವಾಗಿ ಹಿಡಿ ಭಾಗದ ಎಡಕ್ಕೆ ತಿರುಗಿತ್ತು. ಅಂಟಿಗೆ ಬೇಗ ಹಿಡಿಯೋ ಐದು ನಿಮಿಷದ್ದು ಬೇಡ, ರಾತ್ರಿಯೆಲ್ಲ ತಗೊಂಡು ಗಟ್ಟಿಯಾಗೋ ಮಾಮೂಲಿ ಅರಾಲ್ಡೈಟ್. ಅದು ಸ್ವಲ್ಪ ದಪ್ಪ, ಬಿರುಕಿನ ಮೇಲೆ ಇಟ್ಟು ದೂರದಿಂದ ಹೇರ್ ಡ್ರೈಯರ್ ಗಾಳಿ ಕೊಟ್ರೆ ನೀರಾಗುತ್ತೆ, ಆಗ ಮರಾನ ಮೆಲ್ಲಗೆ ತಿರುಚಿ ಬಿರುಕಿನ ಬಾಯಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿದ್ರೆ ತಾನೇ ಒಳಗೆ ಎಳ್ಕೊಳ್ಳುತ್ತೆ. ಬಿರುಕಿನ ಇನ್ನೊಂದು ತುದೀಲಿ ಸಣ್ಣ ಗೆರೆಯಾಗಿ ಅಂಟು ಹೊರಗೆ ಬಂದ್ರೆ ಒಳಗೆಲ್ಲ ತುಂಬಿದೆ ಅಂತ. ಆಮೇಲೆ ಸೈಕಲ್ ಟ್ಯೂಬ್ ಉದ್ದಕ್ಕೆ ಪಟ್ಟಿ ಕತ್ತರಿಸಿ ಎಳೆದು ಎಳೆದು ಸುತ್ತಿದೆ, ಅಡಿಗೆ ಒಂದು ಪ್ಲಾಸ್ಟಿಕ್ ಹಾಳೆ. ಹಿಡಿ ಭಾಗ ಗುಂಡಗೆ ಇರೋದ್ರಿಂದ ಯಾವ ಕ್ಲಾಂಪೂ ಸರಿಯಾಗಿ ಕೂರಲ್ಲ, ಸೈಕಲ್ ಟ್ಯೂಬ್ ಎಲ್ಲ ಕಡೆಯಿಂದ ಒಂದೇ ಸಮ ಬಿಗಿಯುತ್ತೆ, ನಮ್ಮೂರ ಆಚಾರಿಗಳು ಕುರ್ಚಿ ಕಾಲು ಸೀಳಿದಾಗ ಮಾಡೋದೂ ಇದನ್ನೇ.

ಬರೀ ಅಂಟು ನಂಬೋದು ಬೇಡ ಅನ್ನಿಸ್ತು. 3 ಮಿ.ಮೀ. ಹಿತ್ತಾಳೆ ಕಡ್ಡಿಗೆ ಸ್ಕ್ರೂ ಥರ ಸುತ್ತು ಗೆರೆ ಹಾಕಿಸಿ, ಬಿರುಕಿಗೆ ಅಡ್ಡವಾಗಿ, ನಾಲಿಗೆ ಕೂರೋ ಗುಂಡಿಯ ಒಳಗಿಂದ ತೂತು ಕೊರೆದು ಅಂಟು ಹಚ್ಚಿ ತಿರುಗಿಸಿ ಕೂರಿಸಿದೆ. ಹೊರಗಿಂದ ಕೊರೆದಿದ್ರೆ ಸುಲಭ ಇತ್ತು, ಆದ್ರೆ ಜೀವನಪೂರ್ತಿ ಒಂದು ಹಿತ್ತಾಳೆ ಚುಕ್ಕೆ ಕಾಣ್ತಿರುತ್ತೆ. ಒಳಗಿಂದ ಕೊರೆಯೋವಾಗ ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡ್ಕೊಂಡೆ, ಅತ್ತ ಕಡೆ ಚರ್ಮ ಹರೀಬಾರದಲ್ಲ. ಈಗ ಕೋವಿ ಜೋಡಿಸಿದ್ಮೇಲೆ ಅದು ಎಲ್ಲಿದೆ ಅಂತ ಹುಡುಕಿದ್ರೂ ಸಿಗಲ್ಲ.

ತಗ್ಗುಗಳಿಗೆ ಒದ್ದೆ ಬಟ್ಟೆ, ಇಸ್ತ್ರಿ ಪೆಟ್ಟಿಗೆ. ಜೀಪಿನ ಹಿಂದೆ ಬಿದ್ದು ಆದ ತಗ್ಗುಗಳಲ್ಲಿ ಮರ ಕಿತ್ತು ಹೋಗಿರಲ್ಲ, ಅಮುಕಿರುತ್ತೆ ಅಷ್ಟೇ, ಹಬೆ ಕುಡಿದು ಉಬ್ಬಿ ಮೇಲೆ ಬರುತ್ತೆ. ಕತ್ತರಿಸಿ ಹೋದ ಗೀರುಗಳು ಬರಲ್ಲ, ಅವನ್ನ ಹಾಗೇ ಬಿಟ್ಟೆ. ಮರಳು ಕಾಗದ ಹಿಡಿದು ಎಲ್ಲ ಸಮ ಮಾಡೋ ಆಸೆ ಬರುತ್ತೆ, ತಡ್ಕೊಳ್ಳಿ. ಮರ ಕಬ್ಬಿಣಕ್ಕೆ ಸೇರೋ ಅಂಚಿನಲ್ಲಿ ಮರ ಕಬ್ಬಿಣಕ್ಕಿಂತ ಕೂದಲೆಳೆ ಎತ್ತರ ಇರಬೇಕು, ಒಂದು ಸಲ ಉಜ್ಜಿಬಿಟ್ರೆ ಕಬ್ಬಿಣ ಎದ್ದು ನಿಲ್ಲುತ್ತೆ, ಎಷ್ಟೋ ಒಳ್ಳೊಳ್ಳೆ ಕೋವಿ ಹೀಗೆ ಹಾಳಾಗಿರೋದು ನೋಡಿದೀನಿ. ಹಿಡಿ ಮೇಲಿನ ಚೌಕುಳಿ ಗೆರೆಗಳನ್ನೂ ಮತ್ತೆ ಕೊರೆಯೋಕೆ ಹೋಗ್ಲಿಲ್ಲ, ಟೂತ್ ಬ್ರಶ್‌ನಲ್ಲಿ ಕೊಳೆ ತೆಗೆದೆ, ಸಾಕು.

ಪಾಲಿಶ್‌ಗೆ ಅಗಸೆ ಎಣ್ಣೆ. ಪೇಂಟ್ ಅಂಗಡೀಲಿ ಸಿಗೋ ಬಾಯ್ಲ್ಡ್ ಲಿನ್‌ಸೀಡ್ ಆಯಿಲೇ ಆಗ್ಬೇಕು, ಆರೋಗ್ಯಕ್ಕೆ ಅಂತ ಮಾರೋ ಅಗಸೆ ಎಣ್ಣೆ ವಾರಗಟ್ಟಲೆ ಅಂಟಂಟಾಗೇ ಇರುತ್ತೆ. ಅದರಲ್ಲಿ ರತನ್‌ಜೋತ್ ಬೇರು ನೆನೆ ಹಾಕಿದ್ದೆ, ಗಂಧಿಗೆ ಅಂಗಡೀಲಿ ಸಿಗುತ್ತೆ, ಎಣ್ಣೆ ಕೆಂಪಗೆ ರಕ್ತದ ಬಣ್ಣ ಆಗುತ್ತೆ, ಹಳೇ ಇಂಗ್ಲಿಷ್ ಕೋವಿಗಳ ಆ ಕೆಂಪು ಕಂದು ಬಣ್ಣ ಬರೋದು ಇದೇ ಜಾತಿ ಬೇರಿಂದ. ನಾಲ್ಕೈದು ಹನಿ ಅಂಗೈಗೆ ಹಾಕ್ಕೊಂಡು ಅಂಗೈ ಬಿಸಿಯಾಗೋ ತನಕ ಉಜ್ಜೋದು, ಉಳಿದಿದ್ದನ್ನ ಬಟ್ಟೇಲಿ ಪೂರ್ತಿ ಒರೆಸಿ ತೆಗೆಯೋದು, ಒಣಗಿದ್ಮೇಲೆ ಇನ್ನೊಂದು. ಜಾಸ್ತಿ ಹಚ್ಚಿದ್ರೆ ಬೇಗ ಆಗುತ್ತೆ ಅನ್ನೋದು ಸುಳ್ಳು, ಜಾಸ್ತಿ ಹಚ್ಚಿದ್ದು ಒಣಗದೆ ಧೂಳು ಹಿಡಿಯುತ್ತೆ. ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಲಿನ್‌ಸೀಡ್ ಒಣಗುವಾಗ ತಾನೇ ಬಿಸಿ ಹುಟ್ಟಿಸುತ್ತೆ, ಮುದ್ದೆ ಒಳಗೆ ಬಿಸಿ ಕಟ್ಕೊಂಡು ತಾನಾಗೇ ಬೆಂಕಿ ಹತ್ತುತ್ತೆ. ನಾನು ಪ್ರತಿ ಸಲ ನೀರಲ್ಲಿ ಮುಳುಗಿಸಿ ಆಮೇಲೆ ಬೇಲಿ ಮೇಲೆ ಹರವಿ ಒಣಗಿಸ್ತಿದ್ದೆ.

ಮೇಸ್ತ್ರಿ ಹತ್ರ ವಾಪಸ್ ಹೋದಾಗ ಅವರ ಕೆಲಸ ಮುಗಿದಿತ್ತು. ಎಡ ಲಾಕ್ ಒಳಗೆ ಹಳೇ ಎಣ್ಣೆ ವಾರ್ನಿಶ್ ಥರ ಗಟ್ಟಿಯಾಗಿ ಹ್ಯಾಮರ್ ಬೀಳೋದನ್ನ ನಿಧಾನ ಮಾಡ್ತಿತ್ತಂತೆ, ಮೇಲಿಂದ ಪಿನ್ ತುದಿ ಒಂದು ಬದಿಗೆ ಸವೆದಿತ್ತು, ಹೊಸ ತುದಿ ಮಾಡಿ ಹದ ಕೊಟ್ಟು ಕೂರಿಸಿದ್ರು, ಸ್ಪ್ರಿಂಗ್ ಹಳೇದೇ, ಅದರಲ್ಲಿ ಇನ್ನೂ ಜೀವ ಇದೆ ಅಂದ್ರು. ನಳಿಗೆಗಳ ಒಳ ವ್ಯಾಸ, ಗೋಡೆ ದಪ್ಪ ಅಳೆದಿದ್ರು, ಎರಡೂ ಚೆನ್ನಾಗಿವೆ. ಹೊರಗಿನ ಕಪ್ಪು ಬಣ್ಣ ಅಲ್ಲಲ್ಲಿ ಹೋಗಿದೆ, ಹೊಸದಾಗಿ ಕಪ್ಪು ಮಾಡಿಸೋಣವಾ ಅಂತ ಕೇಳಿದ್ದಕ್ಕೆ ಸುಮ್ಮನೆ ತಲೆ ಆಡಿಸಿದ್ರು. ಎರಡು ನಳಿಗೆ ಮತ್ತೆ ಮಧ್ಯದ ಪಟ್ಟಿ ಸೀಸ ತವರದ ಬೆಸುಗೇಲಿ ನಿಂತಿರೋದು, ಈಗಿನ ಬಿಸಿ ಕಾಸ್ಟಿಕ್ ತೊಟ್ಟೀಲಿ ಮುಳುಗಿಸಿದ್ರೆ ಆ ಬೆಸುಗೆ ತಿಂದು ಹೋಗುತ್ತೆ. ಹಳೇ ನಿಧಾನದ ತುಕ್ಕು ಹಿಡಿಸಿ ಕುದಿಸಿ ಕಪ್ಪು ಮಾಡೋ ವಿಧಾನ ಒಂದೇ ದಾರಿ. ಮುಂದೆ ಯಾವತ್ತಾದ್ರೂ ನೋಡೋಣ.

ಮರ ಕೂರಿಸೋದು ಇಬ್ಬರೂ ಸೇರಿ ಮಾಡಿದ್ವಿ. ದೀಪದ ಮಸಿ ಆಕ್ಷನ್ ಹಿಂಬದಿಗೆ ಸವರಿ ಮರ ಒತ್ತಿ ತೆಗೆದ್ರೆ ಎಲ್ಲಿ ತಾಗುತ್ತೋ ಅಲ್ಲಿ ಮಾತ್ರ ಕಪ್ಪಾಗುತ್ತೆ. ಮೊದಲ ಸಲ ತಲೆ ಭಾಗದಲ್ಲಿ ಎರಡು ಕಡಲೆಕಾಳಿನಷ್ಟು ಜಾಗ ಬಿಟ್ರೆ ಬೇರೆಲ್ಲೂ ಮಸಿ ಇಲ್ಲ, ನಾಲಿಗೆ ತುದೀಲಿ ಮಾತ್ರ ಗಾಢ ಕಪ್ಪು, ಅವರು ಹೇಳಿದ್ದ ಮಾತು ಅಲ್ಲೇ ಕಣ್ಣೆದುರಿಗೆ. ಅಮುಕಿ ಹೋಗಿದ್ದ ತಲೆಗೆ ಎಪಾಕ್ಸಿ ಜೊತೆ ವಾಲ್ನಟ್ ಪುಡಿ ಕಲಸಿ ಕಟ್ಟಿ, ಕಬ್ಬಿಣಕ್ಕೆ ಮೇಣ ಸವರಿ ಒತ್ತಿಟ್ಟು, ಮಾರನೇ ದಿನ ಮಸಿ ನೋಡ್ಕೊಂಡು ಉಳೀಲಿ ಕೆತ್ತಿ ಕೆತ್ತಿ ಎರಡೂ ಬದಿ ಸಮ ತಾಗೋ ಹಾಗೆ ಮಾಡಿದ್ರು. ನಾಲಿಗೆ ತುದಿ ಹಿಂದೆ ಬೇಕಂತಲೇ ವಿಸಿಟಿಂಗ್ ಕಾರ್ಡ್ ದಪ್ಪ ಜಾಗ ಬಿಟ್ಟಿದ್ದಾರೆ. ಮರ ಕಬ್ಬಿಣದ ಮಧ್ಯ ಅಲ್ಲೊಂದು ಗೆರೆ ಕಾಣುತ್ತಲ್ಲ ಅಂತ ಮನೇಲಿ ಕೇಳ್ತಾರೆ, ಆ ಗೆರೆ ಇದ್ರೇನೇ ಮರ ಸೀಳಲ್ಲ.

ಈಗ ಆ 2½. ಅದು ಚೇಂಬರ್ ಅಂದ್ರೆ ನಳಿಗೇಲಿ ತೋಟಾ ಕೂರೋ ಜಾಗದ ಉದ್ದ, ಇಂಚಲ್ಲಿ, ತೋಟಾ ಲೆಕ್ಕದಲ್ಲಿ ಅದನ್ನ 65 ಮಿ.ಮೀ. ಅಂತಾರೆ. ಈಗ ಅಂಗಡೀಲಿ ಸಾಮಾನ್ಯವಾಗಿ ಸಿಗೋ ತೋಟಾ 70 ಮಿ.ಮೀ. ಮೋಸ ಎಲ್ಲಿದೆ ಅಂದ್ರೆ ಪೆಟ್ಟಿಗೆ ಮೇಲೆ ಬರೆದಿರೋ ಉದ್ದ ತೋಟಾ ಹಾರಿ ಬಾಯಿ ಬಿಚ್ಚಿದ ಮೇಲಿನದು. ಬಾಯಿ ಮಡಚಿರೋ ಹೊಸ ತೋಟಾ ಅದಕ್ಕಿಂತ ಗಿಡ್ಡ ಇರುತ್ತೆ, 65ರ ಚೇಂಬರಲ್ಲಿ ಆರಾಮಾಗಿ ಕೂರುತ್ತೆ, ಕೋವಿ ಮುಚ್ಚುತ್ತೆ, ಏನೂ ತೊಂದ್ರೆ ಇಲ್ಲ ಅನ್ಸುತ್ತೆ. ಹಾರಿದಾಗ ಬಿಚ್ಚಿಕೊಂಡ ಬಾಯಿ ಮುಂದೆ ನಳಿಗೆ ಕಿರಿದಾಗೋ ಕಡೆ ಚಾಚ್ಕೊಂಡು ದಾರಿ ಕಟ್ಟುತ್ತೆ, ಒತ್ತಡ ಏರುತ್ತೆ, ಹಳೇ ಕೋವಿ ಸಡಿಲ ಆಗೋದು, ಮರ ಸೀಳೋದು, ಕೆಟ್ಟ ಸಂದರ್ಭದಲ್ಲಿ ನಳಿಗೇನೇ ಉಬ್ಬೋದು. "ಕೂರುತ್ತೆ ಅಂದ್ರೆ ಆಗುತ್ತೆ ಅಂತಲ್ಲ" ಅಂತ ಮೇಸ್ತ್ರಿ ಎರಡು ಸಲ ಹೇಳಿದ್ರು. ಮನೇಲಿ ನಾವು 70ರದ್ದೇ ಹೊಡೀತಿದ್ವಾ ಅಂತ ದೊಡ್ಡಪ್ಪನ ಪೆಟ್ಟಿಗೆ ತೆಗೆದು ನೋಡಿದ್ರೆ ಎರಡೂ ಬೆರೆತಿತ್ತು. ಎಲ್ಲ ಬೇರೆ ಮಾಡಿ, 65ರದ್ದು ಮಾತ್ರ ಈ ಕೋವಿ ಹೆಸರು ಬರೆದ ಡಬ್ಬಕ್ಕೆ ಹೋಯ್ತು.

ಮೊದಲ ಈಡುಗಳನ್ನ ಮೇಸ್ತ್ರಿ ಅವರ ಜಾಗದಲ್ಲೇ ಹೊಡೆದು ನೋಡಿ ಕೊಟ್ರು, ಎರಡೂ ಕ್ಯಾಪ್ ಮೇಲಿನ ಗುರುತು ಈಗ ಒಂದೇ ಆಳ, ಎರಡೂ ನಟ್ಟ ನಡುವೆ. ಕೈಲ್‌ಪೊಳ್ದ್ ದಿನ ಮೈದಾನದಲ್ಲಿ ತೆಂಗಿನಕಾಯಿಗೆ ನಾನು, ಅಪ್ಪ, ಚಿಕ್ಕಪ್ಪನ ಮಗಳು ಸರದಿ ಮೇಲೆ ಹೊಡೆದ್ವಿ, ಎಡ ನಳಿಗೆ ಒಂದೂ ತಪ್ಪಿಸ್ಲಿಲ್ಲ, ಕಾಯಿ ಒಡೆದಿದ್ದು ಚಿಕ್ಕಪ್ಪನ ಮಗಳು, ಅದೂ ಎಡ ನಳಿಗೇಲೇ. ಎಡದ್ದು ಚೋಕ್ ಅಂದ್ರೆ ನಳಿಗೆ ಬಾಯಿ ಹತ್ರ ಕಿರಿದಾಗೋ ಭಾಗ ಬಿಗಿ ಇರುತ್ತೆ, ದೂರಕ್ಕೆ ಚೆರೆ ಒತ್ತಾಗಿ ಹೋಗುತ್ತೆ.

ಇಡೋ ಪದ್ಧತಿ ಬದಲಾಗಿದೆ. ನಳಿಗೆ ಒಳಗೆ ಎಣ್ಣೆ ಸವರಿದ ಬಟ್ಟೆ ಎಳೆದು, ಹಿಂದೆಯೇ ಒಣ ಬಟ್ಟೆ ಎಳೆದು, ಅಲ್ಮೇರಾದಲ್ಲಿ ಬಾಯಿ ಕೆಳಗೆ ಮಾಡಿ ಫೆಲ್ಟ್ ತುಂಡಿನ ಮೇಲೆ ನಿಲ್ಲಿಸ್ತೀವಿ, ಹೆಚ್ಚಿದ ಎಣ್ಣೆ ಇಳಿದ್ರೆ ಫೆಲ್ಟಿಗೆ, ಮರಕ್ಕಲ್ಲ. ಕ್ಯಾನ್ವಾಸ್ ಕವರಲ್ಲಿ ಸುತ್ತಿ ಇಡೋದು ಬಿಟ್ವಿ, ನಮ್ಮ ಮಳೆಗೆ ಆ ಕವರ್ ನೀರು ಕುಡಿದು ಕಬ್ಬಿಣಕ್ಕೆ ತಾಗಿಸಿ ಹಿಡಿಯುತ್ತೆ. ಮಲೆನಾಡು ಕಡೆ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇರೋರು, ಎಲೆಕ್ಷನ್ ಟೈಮಲ್ಲಿ ಠಾಣೇಲಿ ಇಟ್ಟು ವಾಪಸ್ ತಂದ ದಿನವೇ ಬಿಚ್ಚಿ ನಳಿಗೆ ಒಳಗೆ ನೋಡಿ, ಮರದ ತಲೆಗೆ ಒಮ್ಮೆ ಉಗುರು ಒತ್ತಿ ನೋಡಿ. ಮೆತ್ತಗಿದ್ರೆ ಈಡು ಹೊಡೆಯೋಕೆ ಮುಂಚೆ ಮೇಸ್ತ್ರಿ ಹತ್ರ ಒಯ್ದು ಮರ ಬಿಚ್ಚಿಸಿ, ಬೇಸಿಗೆ ಇರುವಾಗಲೇ.